ಬುರ್ಜ್ ಖಲೀಫಾಕ್ಕೆ ಯಾವ ಹೊತ್ತಿಗೆ ಹೋಗಬೇಕು?

ಪ್ರಶ್ನೆ: ನನ್ನ ತಮ್ಮ ಶಾರ್ಜಾದಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ನಾವೆಲ್ಲ ಅವನ ಮನೆಗೆ ಹೊರಟಿದ್ದೇವೆ. ಬುರ್ಜ್ ಖಲೀಫಾ ಹತ್ತಬೇಕೆಂದು ಹತ್ತು ವರ್ಷದ ಮಗನ ಹಟ. ಸುತ್ತ ನೋಡಲು 124ನೇ ಮಹಡಿ ಸಾಕೇ, ಜಾಸ್ತಿ ದುಡ್ಡು ಕೊಟ್ಟು 148ಕ್ಕೆ ಹೋಗಬೇಕೇ? ಅಪ್ಪನಿಗೆ 71 ವರ್ಷ, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಅಮ್ಮನಿಗೆ ಮಂಡಿನೋವು. ನನ್ನ ಯಜಮಾನರಿಗೆ ಎತ್ತರ ಅಂದರೆ ಭಯ, ಗಾಳಿಗೆ ಕಟ್ಟಡ ಅಲ್ಲಾಡುತ್ತದಂತೆ ಅನ್ನುತ್ತಾರೆ. ಇಷ್ಟೆಲ್ಲ ಖರ್ಚು ಮಾಡಿ ಹತ್ತುವುದು ಸಾರ್ಥಕವೇ? ಕೆಳಗಿಂದ ನೋಡಿದರೆ ಸಾಲದೇ?

ಉತ್ತರ: ಹತ್ತಿ. 124ನೇ ಮಹಡಿ ಸಾಕು. ಆದರೆ ಹೊತ್ತು ನೋಡಿ ಹತ್ತಿ. ಡಿಸೆಂಬರ್‌ನಲ್ಲಿ ದುಬೈಯಲ್ಲಿ ಸುಮಾರು ಐದೂವರೆಗೆ ಸೂರ್ಯ ಮುಳುಗುತ್ತಾನೆ. ನಾಲ್ಕೂಮುಕ್ಕಾಲರ ಒಳಗೆ ನೀವು ಮೇಲಿರಬೇಕು, ಆರೂಕಾಲಿನ ಮುಂಚೆ ಕೆಳಗಿಳಿಯಬಾರದು. ಈ ವೇಳೆಯ ಟಿಕೆಟ್‌ಗೆ ಬೇರೆ ಹೊತ್ತಿಗಿಂತ ದರ ಜಾಸ್ತಿ. ಆ ಜಾಸ್ತಿ ದುಡ್ಡನ್ನು ಕಣ್ಣುಮುಚ್ಚಿ ಕೊಡಿ. 148ನೇ ಮಹಡಿಗೆ ಕೊಡುವ ಹೆಚ್ಚಿನ ದುಡ್ಡನ್ನು ಮಾತ್ರ ಉಳಿಸಿಕೊಳ್ಳಿ.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಬುರ್ಜ್ ಖಲೀಫಾ ಕಟ್ಟಿದವರಲ್ಲಿ ನಾನಿಲ್ಲ. ಆದರೆ ದುಬೈಯಲ್ಲಿ ಹನ್ನೆರಡು ವರ್ಷ ಎತ್ತರದ ಕಟ್ಟಡಗಳದ್ದೇ ಕೆಲಸ ಮಾಡಿದ್ದೇನೆ. ಊರಿಂದ ಯಾರೇ ಬಂದರೂ ಅವರನ್ನು ಮೇಲೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬರುತ್ತಿತ್ತು. ಹಾಗಾಗಿ ಹನ್ನೆರಡು ತಿಂಗಳಲ್ಲಿ ಹೆಚ್ಚೂಕಡಿಮೆ ಎಲ್ಲ ತಿಂಗಳಲ್ಲೂ, ಎಲ್ಲ ಹೊತ್ತಿನಲ್ಲೂ ಹತ್ತಿ ನೋಡಿದ್ದೇನೆ.

ಮೊದಲು ಎತ್ತರದ ಲೆಕ್ಕ ನೋಡೋಣ. ಕಟ್ಟಡದ ತುದಿ 828 ಮೀಟರ್. ನಮ್ಮ ಜೋಗ 253 ಮೀಟರ್, ಅಂದರೆ ಮೂರು ಜೋಗ ಒಂದರ ಮೇಲೊಂದು ಇಟ್ಟರೂ ತುದಿ ಮುಟ್ಟುವುದಿಲ್ಲ. 124ನೇ ಮಹಡಿಯ ಡೆಕ್, ಅಂದರೆ ನಿಂತು ನೋಡುವ ಜಾಗ, ಇರುವುದು 452 ಮೀಟರ್‌ನಲ್ಲಿ, 148ನೆಯದು 555 ಮೀಟರ್‌ನಲ್ಲಿ. ಭೂಮಿ ದುಂಡಗಿರುವುದರಿಂದ ಎಷ್ಟು ಮೇಲೆ ಹೋದರೆ ಎಷ್ಟು ದೂರ ಕಾಣುತ್ತದೆ ಎಂದು ಲೆಕ್ಕ ಹಾಕಬಹುದು. 452 ಮೀಟರ್‌ನಿಂದ ದಿಗಂತ ಸುಮಾರು 76 ಕಿಲೋಮೀಟರ್ ದೂರ. 555 ಮೀಟರ್‌ನಿಂದ ಸುಮಾರು 84. ನೂರು ಮೀಟರ್ ಮೇಲೆ ಹೋದರೂ ಎಂಟು ಕಿಲೋಮೀಟರ್ ಅಷ್ಟೇ ಜಾಸ್ತಿ ಸಿಗುತ್ತದೆ. ಅದೂ ಕಾಗದದ ಮೇಲೆ. ಮರುಭೂಮಿಯ ಧೂಳು ಒಂದು ಕಡೆ, ಸಮುದ್ರದ ತೇವ ಒಂದು ಕಡೆ, ಎರಡೂ ಸೇರಿ ದುಬೈಯ ಗಾಳಿ ಹೆಚ್ಚಿನ ದಿನ ಮಬ್ಬಾಗಿಯೇ ಇರುತ್ತದೆ. 76 ಕಿಲೋಮೀಟರ್ ಕಾಣುವ ದಿನವೇ ಅಪರೂಪ. ಹೀಗಿರುವಾಗ 84ಕ್ಕೆ ದುಡ್ಡು ಕೊಟ್ಟು ಏನು ಪ್ರಯೋಜನ?

ಹೊತ್ತಿನ ಮಾತು ಹೇಳುವುದಕ್ಕೆ ನನ್ನ ಅಮ್ಮನ ಎರಡು ಭೇಟಿಗಳನ್ನು ಹೇಳಬೇಕು. ಅಮ್ಮ ಮೊದಲ ಸಲ ಬಂದಿದ್ದು ಜುಲೈನಲ್ಲಿ. ಅಂದು ನನಗೆ ಮಧ್ಯಾಹ್ನ ಮಾತ್ರ ಬಿಡುವಿತ್ತು, ಹನ್ನೆರಡೂವರೆಗೆ ಹತ್ತಿಸಿದೆ. ಮೇಲೆ ಹೋದರೆ ಸುತ್ತಲೂ ತಿಳಿ ಹಾಲಿನ ಬಣ್ಣದ ಮಬ್ಬು. ಸಮುದ್ರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ, ಯಾವುದಕ್ಕೂ ನೆರಳಿಲ್ಲ. ನೆರಳಿಲ್ಲದಿದ್ದರೆ ಮೇಲಿಂದ ನೋಡಿದಾಗ ಯಾವ ಕಟ್ಟಡ ಎತ್ತರ, ಯಾವುದು ಗಿಡ್ಡ ಎಂದೂ ತಿಳಿಯುವುದಿಲ್ಲ. ಎಲ್ಲವೂ ನೆಲಕ್ಕೆ ಅಂಟಿಸಿದ ಚಿತ್ರದ ಹಾಗೆ ಕಾಣುತ್ತದೆ. ಅಮ್ಮ ಏನೂ ಅನ್ನಲಿಲ್ಲ. "ಚೆನ್ನಾಗಿದೆ" ಎಂದು ಹೇಳಿ ಕೂರಲು ಜಾಗ ಹುಡುಕಿದಳು. ನನಗೆ ಅದು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಎರಡು ವರ್ಷದ ನಂತರ ಜನವರಿಯಲ್ಲಿ ಮತ್ತೆ ಬಂದಳು. ಹಿಂದಿನ ದಿನ ಸ್ವಲ್ಪ ಮಳೆ ಬಿದ್ದು ಗಾಳಿ ತೊಳೆದ ಹಾಗಿತ್ತು. ಈ ಸಲ ನಾಲ್ಕೂವರೆಗೆ ಮೇಲಿದ್ದೆವು. ಅಮ್ಮ ಸಮುದ್ರದ ಕಡೆ ನೋಡಿ, ಷೇಕ್ ಜಾಯೆದ್ ರಸ್ತೆ ನೋಡಿ, ಆಮೇಲೆ ಪೂರ್ವದ ಕಿಟಕಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಕೆಳಗೆ ಊರಿನ ಮೇಲೆ ಒಂದು ಕಪ್ಪು ಗೀಟು ಮಲಗಿತ್ತು. ಮನೆ, ರಸ್ತೆ, ಖಾಲಿ ಮರಳು ಎಲ್ಲವನ್ನೂ ದಾಟಿ ಹೋಗಿತ್ತು. "ಇದೇನೋ ಇದು?" ಎಂದಳು. ನಾವು ನಿಂತಿರುವ ಕಟ್ಟಡದ್ದೇ ನೆರಳು ಎಂದೆ. ಊರಿನಲ್ಲಿ ಜಗುಲಿ ಕಂಬದ ನೆರಳು ನೋಡಿ ಹೊತ್ತು ಹೇಳುವವಳು ಅವಳು. ಕಿಟಕಿಯ ಚೌಕಟ್ಟಿಗೆ ಬೆರಳಿಟ್ಟು, ನೆರಳಿನ ತುದಿಗೆ ಒಂದು ಗುರುತು ಹಿಡಿದು, ಅದು ಸರಿಯುವುದನ್ನೇ ನೋಡುತ್ತಾ ನಿಂತಳು. ನಿಜವಾಗಿಯೂ ಕಣ್ಣೆದುರೇ ಸರಿಯುತ್ತದೆ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ 828 ಮೀಟರ್ ಕಟ್ಟಡದ ನೆರಳು ನಾಲ್ಕೂವರೆ ಕಿಲೋಮೀಟರ್ ದಾಟಿರುತ್ತದೆ. ಆಮೇಲೆ ನಿಮಿಷ ನಿಮಿಷಕ್ಕೂ ಉದ್ದವಾಗಿ, ತುದಿ ಮಬ್ಬಿನಲ್ಲಿ ಕರಗಿಹೋಗುತ್ತದೆ. ಇದು ಬೆಳಗ್ಗೆ ಸೂರ್ಯ ಹುಟ್ಟಿದ ಹೊಸತರಲ್ಲಿ ಅಥವಾ ಸಂಜೆ ಮಾತ್ರ ಸಿಗುವ ನೋಟ. ಜನರೆಲ್ಲ ಪಡುವಣ ಕಡೆ ಫೋಟೋಗೆ ಮುಗಿಬಿದ್ದಿರುತ್ತಾರೆ. ಮೂಡಣ ಕಿಟಕಿ ಖಾಲಿ ಇರುತ್ತದೆ. ನಿಮ್ಮ ಅಪ್ಪ ಅಮ್ಮನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಐದೂಕಾಲಿನ ಹೊತ್ತಿಗೆ ಪಶ್ಚಿಮಕ್ಕೆ ಬನ್ನಿ. ಡಿಸೆಂಬರ್‌ನಲ್ಲಿ ಸೂರ್ಯ ನೈಋತ್ಯದ ಕಡೆ ಇಳಿಯುತ್ತಾನೆ. ಹಾಯಿಯ ಆಕಾರದ ಬುರ್ಜ್ ಅಲ್ ಅರಬ್ ಹೋಟೆಲ್ ಇರುವುದೂ ಹೆಚ್ಚೂಕಡಿಮೆ ಅದೇ ದಿಕ್ಕಿನಲ್ಲಿ, ಹನ್ನೊಂದು ಕಿಲೋಮೀಟರ್ ದೂರದಲ್ಲಿ. ಗಾಳಿ ತಿಳಿಯಾಗಿದ್ದರೆ ಅದರ ಆಚೆ ತಾಳೆ ಮರದ ಆಕಾರದ ಕೃತಕ ದ್ವೀಪ ಪಾಮ್ ಜುಮೇರಾ ಕೂಡ ಕಾಣುತ್ತದೆ.

ಇಲ್ಲಿ ನಿಮ್ಮ ಮಗನಿಗೆ ಒಂದು ಪ್ರಯೋಗ ಹೇಳುತ್ತೇನೆ. ಮೇಲಿರುವವರಿಗೆ ಸೂರ್ಯ ಕೆಳಗಿರುವವರಿಗಿಂತ ಎರಡು ಮೂರು ನಿಮಿಷ ತಡವಾಗಿ ಮುಳುಗುತ್ತಾನೆ. ದಿಗಂತವೇ ಕೆಳಕ್ಕೆ ಸರಿದಿರುತ್ತದಲ್ಲ, ಅದಕ್ಕೆ. ಇದು ಬರೀ ಪುಸ್ತಕದ ಮಾತಲ್ಲ. 2011ರಲ್ಲಿ ದುಬೈಯ ಧಾರ್ಮಿಕ ಇಲಾಖೆಯ ಹಿರಿಯ ವಿದ್ವಾಂಸರು ಈ ಕಟ್ಟಡದಲ್ಲಿ ವಾಸವಿರುವವರಿಗೆ ರಂಜಾನ್ ಉಪವಾಸದ ನಿಯಮವನ್ನೇ ಹೇಳಬೇಕಾಯಿತು. 80ನೇ ಮಹಡಿಯಿಂದ ಮೇಲಿನವರು ಎರಡು ನಿಮಿಷ ತಡವಾಗಿ, 150ಕ್ಕಿಂತ ಮೇಲಿನವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕು ಎಂದರು. ಒಂದೇ ಕಟ್ಟಡದಲ್ಲಿ ಮೂರು ಸೂರ್ಯಾಸ್ತ! ನಿಮ್ಮ ತಮ್ಮ ಮೇಲೆ ಬರುವುದಿಲ್ಲ ಎಂದಾದರೆ ಅವರನ್ನು ಜುಮೇರಾ ಬೀಚಿನಲ್ಲಿ ನಿಲ್ಲಿಸಿ, ಮಗನ ಕೈಲಿ ಫೋನ್ ಮಾಡಿಸಿ. ಮಾವನಿಗೆ ಹೊತ್ತು ಮುಳುಗಿದ ಮೇಲೂ ಅಳಿಯನ ಮುಖದ ಮೇಲೆ ಬಿಸಿಲಿರುತ್ತದೆ. ಮೋಡ, ಮಬ್ಬು ಇಲ್ಲದ ದಿನ ಮಾತ್ರ ಇದು ಸರಿಯಾಗಿ ತಿಳಿಯುತ್ತದೆ.

ಇನ್ನು ಅಲ್ಲಾಡುವ ವಿಷಯ. ನಿಮ್ಮ ಯಜಮಾನರು ಹೇಳಿದ್ದು ಸರಿ. ಎತ್ತರದ ಕಟ್ಟಡ ಯಾವುದೇ ಇರಲಿ, ಗಾಳಿಗೆ ಬಾಗುತ್ತದೆ. ಬಾಗುವ ಹಾಗೆಯೇ ಅದನ್ನು ಕಟ್ಟಿರುತ್ತಾರೆ. ಬುರ್ಜ್ ಖಲೀಫಾದ ತುತ್ತತುದಿ ಜೋರು ಗಾಳಿಗೆ ಸುಮಾರು ಒಂದೂವರೆ ಮೀಟರ್ ಓಲಾಡಬಹುದು. ನೀವು ನಿಲ್ಲುವುದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಲ್ಲಿ ಓಲಾಟ ತುಂಬಾ ಕಮ್ಮಿ. ಅದೂ ನಿಧಾನವಾದ ಓಲಾಟ. ಇಷ್ಟು ಸಲ ಹತ್ತಿದ್ದೇನೆ, ಒಮ್ಮೆಯೂ ನನಗೆ ಕಾಲ ಕೆಳಗೆ ಅಲ್ಲಾಡಿದ್ದು ಗೊತ್ತಾಗಿಲ್ಲ.

ಇದರ ಗುಟ್ಟು ಕಟ್ಟಡದ ಆಕಾರದಲ್ಲಿದೆ. ನನಗೆ ಇದು ಕಟ್ಟಡದ ಎತ್ತರಕ್ಕಿಂತ ದೊಡ್ಡ ವಿಷಯ. ಮೇಲಿಂದ ನೋಡಿದರೆ ಅದಕ್ಕೆ ಮೂರು ಎಸಳು, ಇಂಗ್ಲಿಷಿನ ವೈ ಅಕ್ಷರದ ಹಾಗೆ. ನಡುವೆ ಆರು ಮೂಲೆಯ ಗಟ್ಟಿ ಕಾಂಕ್ರೀಟ್ ಗೂಡು. ಮೂರು ಎಸಳೂ ಆ ಗೂಡಿಗೆ ಊರುಗೋಲು ಕೊಟ್ಟ ಹಾಗೆ ನಿಂತಿವೆ. ಒಂದು ಕಡೆಯಿಂದ ಗಾಳಿ ತಳ್ಳಿದರೆ ಉಳಿದೆರಡು ಎಸಳು ಎದೆ ಕೊಡುತ್ತವೆ. ಈ ಉಪಾಯ ಕೊಟ್ಟವರು ಎಂಜಿನಿಯರ್ ಬಿಲ್ ಬೇಕರ್. ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್. ಇಬ್ಬರೂ ಆಗ ಅಮೆರಿಕದ ಎಸ್‌ಒಎಂ ಎಂಬ ಕಟ್ಟಡ ವಿನ್ಯಾಸ ಸಂಸ್ಥೆಯಲ್ಲಿದ್ದರು.

ಆದರೆ ಗಾಳಿ ಬರೀ ತಳ್ಳುವುದಿಲ್ಲ. ಹೊಳೆಯಲ್ಲಿ ಒಂದು ಕಂಬ ನೆಟ್ಟರೆ ಅದರ ಹಿಂದೆ ನೀರು ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತಾ ಹೋಗುತ್ತದೆ, ನೋಡಿದ್ದೀರಲ್ಲ? ಗಾಳಿಯೂ ಹಾಗೆಯೇ. ಆ ಸುಳಿಗಳು ಒಂದೇ ತಾಳಕ್ಕೆ ಬಿದ್ದರೆ ಕಟ್ಟಡವನ್ನು ಅಕ್ಕಪಕ್ಕಕ್ಕೆ ಎಳೆದಾಡುತ್ತವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ತಳ್ಳಿದರೂ ಅದು ಏರುತ್ತಾ ಹೋಗುತ್ತದಲ್ಲ, ಆ ರೀತಿ. ಇದನ್ನು ತಪ್ಪಿಸಲು ಏನು ಮಾಡಿದರು ಗೊತ್ತೇ? ಎಸಳುಗಳನ್ನು ಮೇಲೆ ಹೋದಂತೆ ಒಂದೊಂದಾಗಿ, ಸುರುಳಿ ಮೆಟ್ಟಿಲಿನ ಹಾಗೆ ಒಳಕ್ಕೆ ಸರಿಸಿದರು. ಇಂಥ ಮೆಟ್ಟಿಲುಗಳು 25ಕ್ಕೂ ಹೆಚ್ಚಿವೆ. ಹಾಗಾಗಿ ಪ್ರತಿ ಎತ್ತರದಲ್ಲೂ ಕಟ್ಟಡದ ಅಗಲ ಬೇರೆ, ಅಲ್ಲಿ ಏಳುವ ಸುಳಿಯ ತಾಳವೂ ಬೇರೆ. ಸುಳಿಗಳೆಲ್ಲ ಒಂದಾಗುವುದಕ್ಕೆ ಅವಕಾಶವೇ ಇಲ್ಲ. ತೈವಾನಿನ ತೈಪೆ 101 ಕಟ್ಟಡದಲ್ಲಿ ಓಲಾಟ ತಡೆಯಲು 660 ಟನ್ ತೂಕದ ಉಕ್ಕಿನ ಗುಂಡು ನೇತುಹಾಕಿದ್ದಾರೆ. ಇಲ್ಲಿ ಅಂಥ ಯಾವ ಗುಂಡೂ ಇಲ್ಲ. ಗಾಳಿ ಸುರಂಗದಲ್ಲಿ ಮಾದರಿಯಿಟ್ಟು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಆಕಾರವನ್ನು ತಿದ್ದಿ ತಿದ್ದಿಯೇ ಈ ಕೆಲಸ ಸಾಧಿಸಿದರು.

124ರಲ್ಲಿ ಹೊರಗಿನ ತೆರೆದ ಜಾಗಕ್ಕೆ ಹೋದಾಗ ನೇರ ಕೆಳಕ್ಕೆ ನೋಡಿ. ಎಸಳಿನ ಒಂದೊಂದು ಮೆಟ್ಟಿಲು ಒಂದೊಂದು ಎತ್ತರದಲ್ಲಿ ನಿಂತಿರುವುದು ಕಾಣುತ್ತದೆ. ಈಗ ಹೇಳಿದ್ದೆಲ್ಲ ಅಲ್ಲಿ ಕಣ್ಣಿಗೆ ಬೀಳುತ್ತದೆ. ಆಮೇಲೆ ತಲೆ ಎತ್ತಿ. ನೀವು ಹತ್ತಿ ಬಂದಿದ್ದು 452 ಮೀಟರ್, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಆಂಟೆನಾ ತುದಿಗಿಂತ ಎತ್ತರ. ಆದರೂ ನಿಮ್ಮ ತಲೆಯ ಮೇಲೆ ಇನ್ನೂ 376 ಮೀಟರ್ ಕಟ್ಟಡ ಇದೆ! ಜನ ಮೇಲೆ ಹೋದ ಮೇಲೆ ಕೆಳಗೆ ಮಾತ್ರ ನೋಡುತ್ತಾರೆ. ನನಗೆ ಅಲ್ಲಿ ಎದೆ ಝಲ್ಲೆನ್ನುವುದು ಮೇಲೆ ನೋಡಿದಾಗ. ಎಲ್ಲಕ್ಕಿಂತ ಮೇಲೆ 200 ಮೀಟರ್‌ಗೂ ಹೆಚ್ಚು ಬರೀ ಉಕ್ಕಿನ ಮೊನೆ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ.

ಬುಡದ ವಿಷಯವನ್ನೂ ಹೇಳಿಬಿಡುತ್ತೇನೆ, ಕಟ್ಟಡ ಗಟ್ಟಿಯಿದೆಯೇ ಎನ್ನುವವರಿಗೆ ಇದರಿಂದ ಧೈರ್ಯ ಬರುತ್ತದೆ. ಒಂದೂವರೆ ಮೀಟರ್ ದಪ್ಪದ ಸುಮಾರು 190 ಕಾಂಕ್ರೀಟ್ ಪೈಲ್‌ಗಳನ್ನು, ಅಂದರೆ ಕಂಬಗಳನ್ನು, ನೆಲದೊಳಗೆ ಇಳಿಸಿದ್ದಾರೆ. ಒಂದೊಂದರ ಉದ್ದ 40 ಮೀಟರ್‌ಗೂ ಹೆಚ್ಚು. ಅವುಗಳ ಮೇಲೆ 3.7 ಮೀಟರ್ ದಪ್ಪದ ಹಾಸು. ಅಲ್ಲಿನ ಅಂತರ್ಜಲ ಸಮುದ್ರದ ನೀರಿಗಿಂತ ಉಪ್ಪು. ಕಬ್ಬಿಣ ತುಕ್ಕು ಹಿಡಿಯದಂತೆ ಕಾಯಲು ಬೇರೆ ವಿದ್ಯುತ್ ವ್ಯವಸ್ಥೆಯನ್ನೇ ಮಾಡಿದ್ದಾರೆ. ಕಟ್ಟಡದ ಕೆಲಸ ಶುರುವಾಗಿದ್ದು 2004ರಲ್ಲಿ. 2010ರ ಜನವರಿ 4ರಂದು ಬಾಗಿಲು ತೆರೆಯಿತು. ಬೇಸಿಗೆಯಲ್ಲಿ ಹಗಲು ಕಾಂಕ್ರೀಟ್ ಹಾಕಿದರೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದಕ್ಕೆ ರಾತ್ರಿ ಹೊತ್ತು, ಐಸ್ ಬೆರೆಸಿ ಹಾಕುತ್ತಿದ್ದರು. ಅದನ್ನು 600 ಮೀಟರ್‌ಗೂ ಎತ್ತರಕ್ಕೆ ಒಂದೇ ಪಂಪಿನ ಬಲದಲ್ಲಿ ಏರಿಸಿದ್ದು ಆಗಿನ ದಾಖಲೆ.

ಆ ರಾತ್ರಿಗಳಲ್ಲಿ ದುಡಿದವರು ಯಾರು? ಕೆಲಸ ಜೋರಾಗಿದ್ದಾಗ ದಿನಕ್ಕೆ 12,000 ಜನ ಅಲ್ಲಿದ್ದರು. ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದಿಂದ ಬಂದವರು. ಸಂಬಳ ತೀರಾ ಕಡಿಮೆ. 2006ರಲ್ಲಿ ಅವರು ಕೆಲಸ ನಿಲ್ಲಿಸಿ ದೊಡ್ಡ ಪ್ರತಿಭಟನೆ ಮಾಡಿದ್ದರು. ಇದನ್ನು ಮಗನಿಗೆ ಹೇಳಿ. ಕಿಟಕಿ ಒರೆಸುವವರು ಹಗ್ಗದಲ್ಲಿ ಇಳಿಯುತ್ತಿರುವುದು ಕಂಡರೆ ಅವರನ್ನೂ ತೋರಿಸಿ. ಇಡೀ ಕಟ್ಟಡದ ಗಾಜನ್ನು ಒಂದು ಸುತ್ತು ತೊಳೆಯಲು ಸುಮಾರು ಮೂರು ತಿಂಗಳು ಬೇಕು. ಮುಗಿಯುವಷ್ಟರಲ್ಲಿ ಶುರು ಮಾಡಿದ ಕಡೆ ಮತ್ತೆ ಧೂಳು ಕೂತಿರುತ್ತದೆ.

ಈಗ ನಿಮ್ಮ ಅಪ್ಪನ ಬಿಪಿ. ಎತ್ತರಕ್ಕೆ ಹೋದರೆ ಉಸಿರು ಕಟ್ಟುತ್ತದೆ ಎಂಬ ಹೆದರಿಕೆ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಬುರ್ಜ್ ಖಲೀಫಾದ ಬುಡ ಸಮುದ್ರದ ಮಟ್ಟಕ್ಕೇ ಹತ್ತಿರ. ಅಂದರೆ ನಿಮ್ಮ ಮನೆಯ ಅಂಗಳವೇ ಆ ಕಟ್ಟಡದ ತುದಿಗಿಂತ ಎತ್ತರದಲ್ಲಿದೆ. ಮೇಲಿನ ಡೆಕ್ಕಿನಲ್ಲೂ ಅಪ್ಪನಿಗೆ ಮನೆಯಲ್ಲಿ ಸಿಗುವುದಕ್ಕಿಂತ ದಟ್ಟವಾದ ಗಾಳಿಯೇ ಸಿಗುತ್ತದೆ. ಲಿಫ್ಟ್ ಮಾತ್ರ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಏರುವುದರಿಂದ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತದೆ. ಬಾಯಲ್ಲಿ ಒಂದು ಏಲಕ್ಕಿಯೋ ಪೆಪ್ಪರ್‌ಮಿಂಟೋ ಇಟ್ಟುಕೊಂಡು ಎಂಜಲು ನುಂಗುತ್ತಿದ್ದರೆ ಸಾಕು. ಒಂದು ನಿಮಿಷದಲ್ಲಿ ಮೇಲಿರುತ್ತೀರಿ. ಬಿಪಿ ಹಿಡಿತದಲ್ಲಿ ಇಲ್ಲದಿದ್ದರೆ ಹೊರಡುವ ಮುಂಚೆ ಡಾಕ್ಟರನ್ನು ಒಮ್ಮೆ ಕೇಳಿ. ಅದು ವಿಮಾನ ಪ್ರಯಾಣಕ್ಕೂ ಬೇಕಾದ ಮಾತು.

ಅಮ್ಮನ ಮಂಡಿಯ ಬಗ್ಗೆ ನನಗೆ ಜಾಸ್ತಿ ಯೋಚನೆ. ಇಲ್ಲಿ ಕಷ್ಟ ಹತ್ತುವುದರಲ್ಲಿಲ್ಲ, ನಡೆಯುವುದರಲ್ಲಿದೆ. ಮೇಲೆ ಹೋಗುವ ಬಾಗಿಲು ದುಬೈ ಮಾಲ್‌ನ ಒಳಗೆ, ಕೆಳಮಹಡಿಯಲ್ಲಿದೆ. ಮೆಟ್ರೋದಲ್ಲಿ ಬಂದರೆ ಸ್ಟೇಷನ್‌ನಿಂದ ಮಾಲ್‌ವರೆಗೆ ಗಾಜಿನ ಉದ್ದ ಓಣಿ, ಆಮೇಲೆ ಮಾಲ್‌ನೊಳಗೆ ಮತ್ತೆ ನಡಿಗೆ. ಅರ್ಧ ಗಂಟೆ ಅಂದುಕೊಳ್ಳಿ. ಅಲ್ಲಲ್ಲಿ ಚಲಿಸುವ ಪಟ್ಟಿಗಳಿವೆ, ಆದರೂ ಅಮ್ಮನಿಗೆ ಬೇಡ. ಟ್ಯಾಕ್ಸಿಯಲ್ಲಿ ಮಾಲ್‌ವರೆಗೇ ಹೋಗಿ. ಗಾಲಿಕುರ್ಚಿಗೆ ಎಲ್ಲ ಕಡೆ ದಾರಿ ಇದೆ. ನಾಚಿಕೆ ಪಡದೆ ಬಳಸಿ. ಟಿಕೆಟ್ಟಿನಲ್ಲಿ ಬರೆದಿರುವ ವೇಳೆ ಒಳಗೆ ಹೋಗುವ ವೇಳೆ. ಆಮೇಲೆ ತಪಾಸಣೆ, ಲಿಫ್ಟಿನ ಸಾಲು ಎಲ್ಲ ಇದೆ. ಅದಕ್ಕೇ ನಾಲ್ಕು ಗಂಟೆಯ ಆಸುಪಾಸಿನ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಡಿ. ನಾನು ಹೋದಾಗಲೆಲ್ಲ ಮೇಲೆ ಹೋದವರನ್ನು ಯಾರೂ ಹೊರಡಿ ಎಂದು ಅವಸರ ಮಾಡಿದ್ದಿಲ್ಲ. ಸಂಜೆ ಕೆಳಗಿಳಿಯುವ ಸಾಲು ಹತ್ತುವ ಸಾಲಿಗಿಂತ ಉದ್ದ ಇರುತ್ತದೆ. ಅಮ್ಮನ ಕಾಲು ಸೋಲುವ ಮೊದಲೇ ಹೊರಡಿ.

ಯಜಮಾನರ ಭಯಕ್ಕೆ ಬರುತ್ತೇನೆ. ಎತ್ತರದಲ್ಲಿ ತಲೆ ತಿರುಗಲು ಒಂದು ಕಾರಣ ಕಣ್ಣು. ನೆಲದ ಮೇಲೆ ನಿಂತಾಗ ಸುತ್ತಲಿನ ಹತ್ತಿರದ ವಸ್ತುಗಳನ್ನು ನೋಡಿ ಕಣ್ಣು ದೇಹವನ್ನು ಸಮತೋಲದಲ್ಲಿ ಇಡುತ್ತದೆ. ಗಾಜಿನ ಅಂಚಿಗೆ ಹೋದರೆ ಹತ್ತಿರ ಏನೂ ಇರುವುದಿಲ್ಲ, ಕಣ್ಣಿಗೆ ಆಧಾರ ತಪ್ಪುತ್ತದೆ. ಹಾಗಾಗಿ ಲಿಫ್ಟಿನಿಂದ ಇಳಿದ ತಕ್ಷಣ ಗಾಜಿನ ಹತ್ತಿರ ಕರೆಯಬೇಡಿ. ಮೊದಲು ಒಳಗೋಡೆಗೆ ಒರಗಿ ನಿಲ್ಲಲಿ. ದೂರದ ದಿಗಂತ ನೋಡಲಿ. ಹತ್ತು ನಿಮಿಷ ಕಳೆದ ಮೇಲೆ ಎರಡು ಹೆಜ್ಜೆ ಮುಂದೆ. ಕಿಟಕಿಯ ಉಕ್ಕಿನ ಚೌಕಟ್ಟು ಸದಾ ಕಣ್ಣಿನಲ್ಲಿರಲಿ, ಅದಕ್ಕೆ ಕೈಯನ್ನೂ ಇಡಲಿ. ಕೊನೆಗೆ ಬೇಕೆನಿಸಿದರೆ ಕೆಳಗೆ ನೋಡಲಿ. ಬೇಡವೆನಿಸಿದರೆ ಬೇಡ. "ಏನೂ ಆಗಲ್ಲ ಬನ್ನಿ" ಎಂದು ಕೈ ಹಿಡಿದು ಎಳೆಯುವುದು ಮಾತ್ರ ಮಾಡಬೇಡಿ, ಮಗನಿಗೂ ಹೇಳಿಡಿ. ನನ್ನ ಚಿಕ್ಕಪ್ಪನಿಗೆ ಹೀಗೆ ಎಳೆದಿದ್ದರಿಂದಲೇ ಬೆವರು ಕಿತ್ತುಕೊಂಡು ಬಂದಿತ್ತು.

ಬೆಂಕಿ, ಅಪಾಯ ಎಂದರೆ? ಸುಮಾರು 25 ಮಹಡಿಗೊಂದರಂತೆ ಹೊಗೆ ನುಗ್ಗದ, ಎಸಿ ಇರುವ ಆಶ್ರಯದ ಕೋಣೆಗಳಿವೆ. ಕೆಲವು ಲಿಫ್ಟ್‌ಗಳನ್ನು ಜನರನ್ನು ಇಳಿಸುವುದಕ್ಕೆಂದೇ ಬೇರೆಯಾಗಿ ಸಜ್ಜು ಮಾಡಿದ್ದಾರೆ.

148ನೇ ಮಹಡಿ ಯಾರಿಗೆ ಸರಿ? ಗದ್ದಲ ಸ್ವಲ್ಪವೂ ಆಗದವರಿಗೆ, ಖರ್ಚಿನ ಚಿಂತೆ ಇಲ್ಲದವರಿಗೆ. ಅಲ್ಲಿ ಜನ ಕಡಿಮೆ, ಖರ್ಜೂರ ಕಾಫಿ ಕೊಟ್ಟು ಕೂರಿಸಿ ಉಪಚಾರ ಮಾಡುತ್ತಾರೆ, ಆಮೇಲೆ 125, 124ಕ್ಕೂ ಬಿಡುತ್ತಾರೆ. ಅಮ್ಮನಿಗೆ ನಿಲ್ಲಲು ಆಗುವುದೇ ಇಲ್ಲ ಎನ್ನುವ ಸ್ಥಿತಿಯಿದ್ದರೆ ಆ ಕಾರಣಕ್ಕೆ ಯೋಚಿಸಬಹುದು. ನೋಟಕ್ಕಾಗಿ ಅಲ್ಲ.

ದಿನ ಆರಿಸುವಾಗ ಡಿಸೆಂಬರ್ 31 ಬಿಟ್ಟುಬಿಡಿ. ಪಟಾಕಿ ನೋಡಲು ಜನಸಾಗರ ಸೇರುತ್ತದೆ, ರಸ್ತೆ ಮುಚ್ಚುತ್ತಾರೆ, ಹಿರಿಯರನ್ನು ಕರೆದುಕೊಂಡು ಹೊರಬರುವುದು ನರಕ. ಮಳೆ ಬಿದ್ದ ಮರುದಿನ ಟಿಕೆಟ್ ಸಿಕ್ಕರೆ ಅದಕ್ಕಿಂತ ಅದೃಷ್ಟ ಬೇರೆ ಇಲ್ಲ. ಚಳಿಗಾಲದ ಮುಂಜಾನೆ ಕೆಲವೊಮ್ಮೆ ಮಂಜು ಕವಿದು, ಕಟ್ಟಡಗಳ ತಲೆ ಮಾತ್ರ ಮೋಡದ ಮೇಲೆ ತೇಲುತ್ತವೆ. ಅದು ಅದ್ಭುತ, ಆದರೆ ಮೊದಲೇ ಹೇಳಿ ಬರುವಂಥದ್ದಲ್ಲ. ಕತ್ತಲಾದ ಮೇಲೆ ಫೋಟೋ ತೆಗೆಯುವಾಗ ಫೋನನ್ನು ಗಾಜಿಗೆ ಒತ್ತಿ ಹಿಡಿದು, ಸುತ್ತ ಕಪ್ಪು ಬಟ್ಟೆಯನ್ನೋ ಕರಿ ಜಾಕೆಟ್ಟನ್ನೋ ಮುಚ್ಚಿ. ಇಲ್ಲದಿದ್ದರೆ ನಿಮ್ಮ ಮುಖವೇ ಗಾಜಿನಲ್ಲಿ ಬೀಳುತ್ತದೆ.

ಕೆಳಗಿಂದ ನೋಡಿದರೆ ಸಾಲದೇ ಎಂದಿರಿ. ಕೆಳಗಿಂದಲೂ ನೋಡಿ, ಆದರೆ ಇಳಿದ ಮೇಲೆ. ಕಟ್ಟಡದ ಬುಡದ ಕೆರೆಯಲ್ಲಿರುವ ಸಂಗೀತ ಕಾರಂಜಿ ಮೇಲಿಂದ ಬಿಳಿ ದಾರದ ಎಳೆಯ ಹಾಗೆ ಕಾಣುತ್ತದೆ, ಸದ್ದೂ ಕೇಳುವುದಿಲ್ಲ. ಕೆರೆಯ ದಂಡೆಗೆ ಬಂದು ಒಂದು ಪ್ರದರ್ಶನ ನೋಡಿ. ಅಮ್ಮನಿಗೆ ಮೊದಲೇ ಕೂರಲು ಒಂದು ಜಾಗ ಹಿಡಿಯಿರಿ. ಆಮೇಲೆ ಮಗನಿಗೆ ನೀವು ನಿಂತಿದ್ದ ಮಹಡಿಯನ್ನು ಹುಡುಕಲು ಹೇಳಿ. ಅವನು ತೋರಿಸುವ ಜಾಗಕ್ಕಿಂತ ಅದು ಬಹಳ ಕೆಳಗಿರುತ್ತದೆ.

ಅಲ್ಲಿಂದ ನೇರ ಶಾರ್ಜಾಕ್ಕೆ ಹೊರಡಬೇಡಿ. ಸಂಜೆ ದುಬೈಯಿಂದ ಶಾರ್ಜಾ ಕಡೆಗೆ ಹೋಗುವ ರಸ್ತೆಯಲ್ಲಿ ಗಾಡಿಗಳು ತೆವಳುತ್ತವೆ. ದುಬೈಯದೇ ಬಡಾವಣೆ ಕರಾಮಾಕ್ಕೆ ಹೋಗಿ ಯಾವುದಾದರೂ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ತಿನ್ನಿ, ಒಂದು ಕಾಫಿ ಕುಡಿಯಿರಿ. ಒಂಬತ್ತರ ನಂತರ ರಸ್ತೆ ಸ್ವಲ್ಪ ಬಿಡುವಾಗುತ್ತದೆ.